‘ಇಲ್ಲೊಂದು ವಿಡಿಯೋ ಇತ್ತು’: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ತಿಂಗಳು ಪವರ್‌ಪಾಯಿಂಟ್ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದರ ಬೆನ್ನಿಗೇ ಸುಮಾರು ಪತ್ರ ಬಂದವು. ಅರ್ಧಕ್ಕಿಂತ ಜಾಸ್ತಿ ಪತ್ರಗಳಲ್ಲಿ ಒಂದೇ ಅಳಲು: ಮನೆಯಲ್ಲಿ ಚೆನ್ನಾಗಿ ಓಡಿದ ವಿಡಿಯೋ ಸಭೆಯಲ್ಲಿ ಓಡಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಬಿಟ್ಟಿದ್ದೇನೆ.

ಈ ಅಳಲು ನನಗೆ ಚೆನ್ನಾಗಿ ಗೊತ್ತು. ಹದಿನೆಂಟು ವರ್ಷ ಒಂದು ಕಾಲೇಜಿನ ಸೆಮಿನಾರ್ ಹಾಲ್ ನೋಡಿಕೊಂಡವಳು ನಾನು. ಪ್ರೊಜೆಕ್ಟರು, ಮೈಕು, ವೈರು ಎಲ್ಲಾ ನನ್ನ ಕೈಯಲ್ಲೇ ಇದ್ದವು. 2008ರ ಮಳೆಗಾಲದಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿಯೊಬ್ಬರು ಹಾರುವ ಕಪ್ಪೆಯ ಬಗ್ಗೆ ಮಾತಾಡಲು ಬಂದಿದ್ದರು. ಆಗುಂಬೆ ಕಡೆ ಮೂರು ರಾತ್ರಿ ಮಳೆಯಲ್ಲಿ ಕೂತು ವಿಡಿಯೋ ತೆಗೆದಿದ್ದರು. ನೀರಿನ ಮೇಲೆ ಬಾಗಿದ ಎಲೆಗಳ ನಡುವೆ ಈ ಕಪ್ಪೆ ಹಿಂಗಾಲಿನಿಂದ ನೊರೆ ಕಡೆದು ಗೂಡು ಮಾಡುತ್ತದೆ, ಅದರೊಳಗೆ ಮೊಟ್ಟೆ ಇಡುತ್ತದೆ. ಆ ದೃಶ್ಯದ ಸ್ಲೈಡ್ ಬಂತು. ಪರದೆಯ ಮೇಲೆ ಒಂದು ಕಪ್ಪು ಚೌಕ. ಅವರು ಕ್ಲಿಕ್ ಮಾಡಿದರು, ಮತ್ತೆ ಮಾಡಿದರು. ನಾನು ಓಡಿಹೋದೆ. ಏನೂ ಮಾಡಲಾಗಲಿಲ್ಲ. ವಿಡಿಯೋ ಅವರ ಮನೆಯ ಕಂಪ್ಯೂಟರಿನಲ್ಲೇ ಉಳಿದಿತ್ತು. ಅವರು ಮೈಕಿನ ಕಡೆ ಬಾಗಿ, ‘ಇಲ್ಲೊಂದು ವಿಡಿಯೋ ಇತ್ತು’ ಅಂದರು. ಆಮೇಲೆ ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸಿ ನೊರೆ ಕಡೆಯುವುದು ಹೇಗೆಂದು ತೋರಿಸಿದರು.

ಆ ಕೈಗಳು ಇನ್ನೂ ನನ್ನ ಕಣ್ಣ ಮುಂದಿವೆ. ಅವತ್ತಿನಿಂದ, ಯಾರೇ ಮಾತಾಡಲು ಬಂದರೂ ಹಿಂದಿನ ದಿನ ಫೋನ್ ಮಾಡಿ ಎರಡು ಮಾತು ಕೇಳುತ್ತಿದ್ದೆ. ವಿಡಿಯೋ ಇದೆಯಾ? ಅದನ್ನು ಬೇರೆ ಫೈಲಾಗಿಯೂ ತರುತ್ತಿದ್ದೀರಾ? ನಿಮಗೂ ಅದನ್ನೇ ಕೇಳುತ್ತಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹೃದಯದ ಪಾಠಕ್ಕೆ ಮನೆಯಲ್ಲಿ ಪಿಪಿಟಿ (ಪವರ್‌ಪಾಯಿಂಟ್ ಫೈಲು) ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ಶಾಲೆಯಲ್ಲಿ ತೆರೆದರೆ ವಿಡಿಯೋ ಇರಬೇಕಾದ ಜಾಗದಲ್ಲಿ ‘ಮೀಡಿಯಾ ನಾಟ್ ಫೌಂಡ್’ ಅಂತ ಬಂತು. ಮನೆಗೆ ಬಂದು ನೋಡಿದರೆ ಸರಿಯಾಗಿ ಓಡುತ್ತದೆ. ತಪ್ಪು ಎಲ್ಲಿದೆ?
— ಶಿಕ್ಷಕಿ, ಶಿರಸಿ

ಉತ್ತರ: ನಿಮ್ಮ ಕಪ್ಪೆಯೂ ಮನೆಯಲ್ಲೇ ಉಳಿದಿದೆ, ಮೇಡಂ. ಸ್ಲೈಡ್‌ನಲ್ಲಿ ವಿಡಿಯೋ ಕಾಣುತ್ತದೆ ಎಂದರೆ ಅದು ಫೈಲಿನ ಒಳಗೇ ಇದೆ ಅಂತ ಅರ್ಥವಲ್ಲ. ಪವರ್‌ಪಾಯಿಂಟ್ ಎರಡು ರೀತಿಯಲ್ಲಿ ವಿಡಿಯೋ ಇಟ್ಟುಕೊಳ್ಳುತ್ತದೆ. ಒಂದು, ವಿಡಿಯೋವನ್ನೇ ನುಂಗಿ ತನ್ನೊಳಗೆ ಇಟ್ಟುಕೊಳ್ಳುವುದು. ಇನ್ನೊಂದು, ವಿಡಿಯೋ ಎಲ್ಲಿದೆ ಅನ್ನುವ ವಿಳಾಸವನ್ನು ಮಾತ್ರ ಬರೆದುಕೊಳ್ಳುವುದು. 2007ರ ಆವೃತ್ತಿಯವರೆಗೆ ವಿಡಿಯೋಗೆ ವಿಳಾಸವೇ ಗತಿ. 2010ರ ಆವೃತ್ತಿಯಿಂದ ನುಂಗುವುದು ರೂಢಿಯಾಯಿತು. ಆದರೆ ‘ಲಿಂಕ್ ಟು ಫೈಲ್’ ಅಂತ ಆರಿಸಿದರೆ ಇವತ್ತಿಗೂ ವಿಳಾಸವೇ ಉಳಿಯುತ್ತದೆ. ಆ ವಿಳಾಸ ನಿಮ್ಮ ಮನೆಯ ಕಂಪ್ಯೂಟರಿನದು. ಶಾಲೆಯ ಕಂಪ್ಯೂಟರ್ ಅದನ್ನು ಎಲ್ಲಿ ಹುಡುಕಬೇಕು, ಹೇಳಿ?

ಒಳಗಿದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ತೂಕ ನೋಡುವುದು. ವಿಡಿಯೋ 60 ಎಂಬಿ ಇದ್ದು ಪಿಪಿಟಿ ಬರೀ 2 ಎಂಬಿ ಇದ್ದರೆ, ವಿಡಿಯೋ ಒಳಗಿಲ್ಲ. ಬಸುರಿ ಎಮ್ಮೆ ಯಾವುದು ಅಂತ ಹೊಟ್ಟೆ ನೋಡಿದರೆ ಗೊತ್ತಾಗುತ್ತದಲ್ಲಾ, ಹಾಗೆ. ಇನ್ನೂ ಖಚಿತವಾಗಿ ನೋಡಬೇಕೆಂದರೆ ಫೈಲಿನ ಒಂದು ಪ್ರತಿ ಮಾಡಿಕೊಳ್ಳಿ. ಆ ಪ್ರತಿಯ ಹೆಸರಿನ ಕೊನೆಯ ‘ಪಿಪಿಟಿಎಕ್ಸ್’ ತೆಗೆದು ‘ಜಿಪ್’ ಅಂತ ಬರೆಯಿರಿ. ಹೌದು, ಅದು ನಿಜಕ್ಕೂ ಒಂದು ಜಿಪ್ ಗಂಟೇ. ಬಿಚ್ಚಿದರೆ ‘ಪಿಪಿಟಿ’ ಅನ್ನುವ ಫೋಲ್ಡರ್, ಅದರೊಳಗೆ ‘ಮೀಡಿಯಾ’ ಅನ್ನುವ ಫೋಲ್ಡರ್ ಸಿಗುತ್ತದೆ. ನಿಮ್ಮ ಹೃದಯದ ವಿಡಿಯೋ ಅಲ್ಲಿ ಕಂಡರೆ ಸರಿ. ಬರೀ ಚಿತ್ರಗಳು ಕಂಡರೆ ವಿಡಿಯೋ ಹೊರಗಿದೆ. ಇದೇ ದಾರಿಯಲ್ಲಿ, ಮೂಲ ವಿಡಿಯೋ ಕಳೆದುಹೋದಾಗ ಹಳೇ ಪಿಪಿಟಿಯಿಂದ ಅದನ್ನು ಹೊರಗೆ ತೆಗೆಯಲೂ ಬರುತ್ತದೆ. ಎಷ್ಟೋ ಜನರ ಕಣ್ಣಲ್ಲಿ ಇದರಿಂದ ಹೊಳಪು ಬಂದದ್ದು ನೋಡಿದ್ದೇನೆ.

ಸರಿ ಮಾಡುವುದು ಕಷ್ಟವಲ್ಲ. ಮನೆಯ ಕಂಪ್ಯೂಟರಿನಲ್ಲಿ ಹಳೇ ಚೌಕವನ್ನು ಅಳಿಸಿ. ‘ಇನ್ಸರ್ಟ್’, ‘ವಿಡಿಯೋ’, ‘ದಿಸ್ ಡಿವೈಸ್’ ಅಂತ ಹೋಗಿ ವಿಡಿಯೋ ಆರಿಸಿ. ಕೆಳಗಿನ ‘ಇನ್ಸರ್ಟ್’ ಬಟನ್ ಪಕ್ಕದಲ್ಲಿ ಒಂದು ಸಣ್ಣ ಬಾಣ ಇರುತ್ತದೆ, ಅದರ ತಂಟೆಗೆ ಹೋಗಬೇಡಿ. ‘ಲಿಂಕ್ ಟು ಫೈಲ್’ ಅಡಗಿರುವುದು ಅಲ್ಲೇ. ಸೇವ್ ಮಾಡಿದ ಮೇಲೆ ಮತ್ತೆ ತೂಕ ನೋಡಿ.

ಇನ್ನೊಂದು ಮಾತು. ಶಾಲೆಯಲ್ಲಿ ಹಳೇ ಪವರ್‌ಪಾಯಿಂಟ್ ಇದೆ ಅಂತ ಕೆಲವರು ಫೈಲನ್ನು 97-2003 ರೂಪದಲ್ಲಿ ಸೇವ್ ಮಾಡುತ್ತಾರೆ. ಹಾಗೆ ಮಾಡಿದರೆ ಒಳಗಿದ್ದ ವಿಡಿಯೋ ಬರೀ ಚಿತ್ರವಾಗಿ ಕೂತುಬಿಡುತ್ತದೆ, ಓಡುವುದಿಲ್ಲ. ಅಂಥ ಕಡೆ ಪಿಪಿಟಿ ಮತ್ತು ವಿಡಿಯೋ ಎರಡನ್ನೂ ಒಂದೇ ಫೋಲ್ಡರ್‌ಗೆ ಹಾಕಿ. ಮೊದಲು ಒಂದೇ ಫೋಲ್ಡರ್‌ಗೆ ಹಾಕುವುದು, ಆಮೇಲೆ ಅಲ್ಲಿಂದಲೇ, ಇಲ್ಲಿ ಮಾತ್ರ ‘ಲಿಂಕ್ ಟು ಫೈಲ್’ ಆರಿಸಿ, ಸ್ಲೈಡಿಗೆ ಸೇರಿಸುವುದು, ಈ ಕ್ರಮ ತಪ್ಪಬಾರದು. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಮತ್ತೊಂದು ಅಂತ ಆಳಕ್ಕೆ ಇಳಿಯಬೇಡಿ. ವಿಳಾಸ 128 ಅಕ್ಷರ ದಾಟಿದರೆ ಹಳೇ ಆವೃತ್ತಿಗಳು ಫೈಲ್ ಹುಡುಕುವುದನ್ನೇ ಬಿಟ್ಟುಬಿಡುತ್ತಿದ್ದವು.

ಶಾಲೆಗೆ ಹೋದ ಮೇಲೆ ಪೆನ್‌ಡ್ರೈವ್‌ನಿಂದಲೇ ಓಡಿಸಬೇಡಿ. ಪೂರ್ತಿ ಫೋಲ್ಡರನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ ತೆರೆಯಿರಿ. ಪೆನ್‌ಡ್ರೈವ್ ನಿಧಾನ ಇದ್ದರೆ ವಿಡಿಯೋ ತಡವರಿಸುತ್ತದೆ. ಮಕ್ಕಳು ಹೃದಯದ ಬಡಿತ ನೋಡುವಾಗ ಅದು ತಡವರಿಸಬಾರದು.

ಪ್ರಶ್ನೆ: ರೈತರಿಗೆ ಮೆಕ್ಕೆಜೋಳದ ಸೈನಿಕ ಹುಳು ಗುರುತಿಸುವುದನ್ನು ತೋರಿಸಲು ಹೊಲದಲ್ಲಿ ಐಫೋನಿನಿಂದ ವಿಡಿಯೋ ತೆಗೆದೆ. ಪಿಪಿಟಿಯ ಒಳಗೇ ಸೇರಿಸಿದ್ದೇನೆ, ಫೈಲ್ ತೂಕವೂ ಹೆಚ್ಚಿದೆ. ಆದರೂ ಪಂಚಾಯಿತಿ ಕಂಪ್ಯೂಟರಿನಲ್ಲಿ ಧ್ವನಿ ಮಾತ್ರ ಬಂತು, ಚಿತ್ರ ಬರಲಿಲ್ಲ. ಫೈಲ್ ಹೆಸರನ್ನು ‘ಎಂಪಿ4’ ಅಂತ ಬದಲಿಸಿಯೂ ನೋಡಿದೆ.
— ಕೃಷಿ ಇಲಾಖೆ ನೌಕರ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ. ಈಗ ಬರುವ ತೊಂದರೆಗಳಲ್ಲಿ ಇದೇ ಜಾಸ್ತಿ.

ನಮ್ಮ ಅಡುಗೆಮನೆ ನೆನಪು ಮಾಡಿಕೊಳ್ಳಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು ಇರುತ್ತದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಒಣಮೆಣಸಿನಕಾಯಿ ಇರುತ್ತದೆ. ಡಬ್ಬಿ ನೋಡಿ ಒಳಗೇನಿದೆ ಅಂತ ಹೇಳಲಾಗುವುದಿಲ್ಲ, ಅಲ್ವಾ? ವಿಡಿಯೋ ಫೈಲೂ ಹಾಗೆಯೇ. ಎಂಪಿ4, ಎಂಒವಿ, ಎವಿಐ, ಎಂಕೆವಿ ಇವೆಲ್ಲ ಡಬ್ಬಿಯ ಹೆಸರುಗಳು. ಒಳಗೆ ಚಿತ್ರವನ್ನು ಒತ್ತಿ ತುಂಬಿದ ಬಗೆ ಬೇರೆ, ಅದನ್ನು ಕೋಡೆಕ್ ಅನ್ನುತ್ತಾರೆ. ಬಹಳ ಕಾಲದಿಂದ ಎಲ್ಲ ಕಡೆ ನಡೆಯುವುದು ಎಚ್.264. ಇದು 2003ರಲ್ಲಿ ಬಂದದ್ದು. 2013ರಲ್ಲಿ ಬಂದ ಎಚ್.265 ಅದಕ್ಕಿಂತ ಚೆನ್ನಾಗಿ ಒತ್ತುತ್ತದೆ, ಜಾಗ ಕಡಿಮೆ ಸಾಕು. ಇದಕ್ಕೇ ಎಚ್‌ಇವಿಸಿ ಅಂತಲೂ ಹೆಸರು. ಐಫೋನ್ 7 ಮತ್ತು ಅದರ ನಂತರದ ಫೋನುಗಳು 2017ರ ಐಓಎಸ್ 11ರಿಂದ ಇದರಲ್ಲೇ ವಿಡಿಯೋ ತೆಗೆಯಬಲ್ಲವು. ಆದರೆ ವಿಂಡೋಸ್ ಕಂಪ್ಯೂಟರಿಗೆ ಅದನ್ನು ಬಿಚ್ಚುವ ಪರಿಕರ ಬೇರೆಯಾಗಿ ಬೇಕು. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ. ಧ್ವನಿ ಬೇರೆ ಬಗೆಯಲ್ಲಿ ತುಂಬಿರುವುದರಿಂದ ಅದು ಬಿಚ್ಚಿಕೊಂಡಿತು, ಚಿತ್ರ ಬಿಚ್ಚಿಕೊಳ್ಳಲಿಲ್ಲ. ನಿಮಗೆ ಆದದ್ದು ಇಷ್ಟೇ.

ಹೆಸರು ಬದಲಿಸಿದರೆ ಡಬ್ಬಿಯ ಚೀಟಿ ಬದಲಾಯಿತು ಅಷ್ಟೇ, ಒಳಗಿನ ಹುಣಸೆಹಣ್ಣು ಹುಣಸೆಹಣ್ಣೇ.

ಒಳಗೇನಿದೆ ನೋಡಲು ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಉಚಿತ. ವಿಡಿಯೋ ತೆರೆದು ‘ಟೂಲ್ಸ್’ನಲ್ಲಿ ‘ಕೋಡೆಕ್ ಇನ್ಫರ್ಮೇಶನ್’ ಒತ್ತಿ. ಅಲ್ಲಿ ಎಚ್‌ಇವಿಸಿ ಅಂತ ಕಂಡರೆ ರೋಗ ಸಿಕ್ಕಿತು. ಇಲ್ಲಿ ಒಂದು ಎಚ್ಚರಿಕೆ: ವಿಎಲ್‌ಸಿಯಲ್ಲಿ ಓಡಿತು ಅಂತ ನೆಮ್ಮದಿಯಾಗಿ ಮಲಗಬೇಡಿ. ಅದು ತನ್ನ ಪರಿಕರಗಳನ್ನೆಲ್ಲ ತಾನೇ ಹೊತ್ತು ತರುತ್ತದೆ, ಏನು ಕೊಟ್ಟರೂ ಓಡಿಸುತ್ತದೆ. ಪವರ್‌ಪಾಯಿಂಟ್ ಹಾಗಲ್ಲ, ಆ ಕಂಪ್ಯೂಟರಿನಲ್ಲಿ ಇರುವುದನ್ನು ನಂಬಿಕೊಂಡಿರುತ್ತದೆ. ‘ನಮ್ಮ ಮನೆಯ ಕಂಪ್ಯೂಟರಿನಲ್ಲಿ ಓಡಿತ್ತಲ್ಲಾ’ ಅಂದ ಎಷ್ಟೋ ಜನ ಓಡಿಸಿದ್ದು ವಿಎಲ್‌ಸಿಯಲ್ಲಿ.

ಮದ್ದು ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶ. ಇದೂ ಉಚಿತ. ತೆರೆದು ನಿಮ್ಮ ವಿಡಿಯೋವನ್ನು ಅದರ ಮೇಲೆ ಎಳೆದು ಬಿಡಿ. ‘ಪ್ರಿಸೆಟ್’ ಜಾಗದಲ್ಲಿ ‘ಫಾಸ್ಟ್ 1080ಪಿ30’ ಆರಿಸಿ. ಡಬ್ಬಿ ಎಂಪಿ4 ಅಂತ ಇರಲಿ. ‘ಸ್ಟಾರ್ಟ್ ಎನ್‌ಕೋಡ್’ ಒತ್ತಿ ಕಾಯಿರಿ. ಎಚ್.264 ಚಿತ್ರ, ಎಎಸಿ ಧ್ವನಿ ಇರುವ ಎಂಪಿ4 ಸಿಗುತ್ತದೆ. ಪವರ್‌ಪಾಯಿಂಟ್ 2013ರಿಂದ ಈಚಿನ ಎಲ್ಲಾ ಆವೃತ್ತಿಗೂ ಇದು ಒಗ್ಗುತ್ತದೆ. ಪಂಚಾಯಿತಿಯಲ್ಲಿ 2010ರ ಆವೃತ್ತಿ ಇದ್ದರೆ ಅದಕ್ಕೆ ಡಬ್ಲ್ಯೂಎಂವಿ ಅನ್ನುವ ವಿಂಡೋಸ್ ಬಗೆಯ ವಿಡಿಯೋ ಹೆಚ್ಚು ಹಿತ.

ಮುಂದಿನ ಸಲ ಹೊಲಕ್ಕೆ ಹೋಗುವ ಮೊದಲೇ ಐಫೋನಿನ ‘ಸೆಟ್ಟಿಂಗ್ಸ್’, ‘ಕ್ಯಾಮೆರಾ’, ‘ಫಾರ್ಮ್ಯಾಟ್ಸ್’ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಬಿಡಿ. ಬೇರೆ ಫೋನುಗಳಲ್ಲೂ ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಹೈ ಎಫಿಶಿಯೆನ್ಸಿ’ ಅಂತ ಇದ್ದರೆ ಆಫ್ ಮಾಡಿ.

ತೀರಾ ಅವಸರ ಇದ್ದರೆ ವಿಡಿಯೋವನ್ನು ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಂಡು ಅದನ್ನು ಬಳಸುವವರಿದ್ದಾರೆ. ವಾಟ್ಸಾಪ್ ಅದನ್ನು ಒತ್ತಿ ಸಾಮಾನ್ಯವಾಗಿ ಎಚ್.264 ಮಾಡಿಯೇ ಕೊಡುತ್ತದೆ, ಹಾಗಾಗಿ ಓಡುತ್ತದೆ. ನಿಮ್ಮ ವಿಷಯದಲ್ಲಿ ಮಾತ್ರ ನಾನು ಬೇಡ ಅನ್ನುತ್ತೇನೆ. ಈ ಹುಳುವನ್ನು ಗುರುತಿಸುವುದು ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆಯಿಂದ, ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆಗಳಿಂದ. 2018ರಲ್ಲಿ ಶಿವಮೊಗ್ಗ ಕಡೆಯ ಹೊಲಗಳಲ್ಲಿ ಅದು ದೇಶದಲ್ಲೇ ಮೊದಲು ಕಂಡಿತು. ವಾಟ್ಸಾಪ್ ಮೊದಲು ನುಂಗುವುದು ಆ ಸಣ್ಣ ಗೆರೆಯನ್ನೇ. ಹಿಂದಿನ ಬೆಂಚಿನಲ್ಲಿ ಕೂತ ರೈತನಿಗೆ ಬರೀ ಒಂದು ಕಂದು ಹುಳು ಕಂಡರೆ ಏನು ಪ್ರಯೋಜನ? ಹ್ಯಾಂಡ್‌ಬ್ರೇಕಿಗೆ ಹತ್ತು ನಿಮಿಷ ಕೊಡಿ.

ಪ್ರಶ್ನೆ: ಯೂಟ್ಯೂಬ್ ವಿಡಿಯೋವನ್ನು ಸ್ಲೈಡಿನಲ್ಲಿ ಹಾಕಿದ್ದೆ. ಹಾಸ್ಟೆಲಿನಲ್ಲಿ ಓಡಿತು, ಕಾಲೇಜಿನ ಹಾಲಿನಲ್ಲಿ ಓಡಲಿಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ‘ಆನ್‌ಲೈನ್ ವಿಡಿಯೋ’ ಅಂದರೆ ನಿಮ್ಮ ಸ್ಲೈಡಿನಲ್ಲಿ ಒಂದು ಕಿಟಕಿ ಮಾತ್ರ ಇದೆ. ಇಂಟರ್ನೆಟ್ ಇಲ್ಲದಿದ್ದರೆ ಕಿಟಕಿಯಾಚೆ ಏನೂ ಇಲ್ಲ. ಕಾಲೇಜುಗಳಲ್ಲಿ ಯೂಟ್ಯೂಬ್ ತಡೆ ಹಾಕಿರುವುದೂ ಉಂಟು. ವಿಡಿಯೋ ಹಾಕಿದವರು ಬೇರೆ ಕಡೆ ತೋರಿಸಲು ಒಪ್ಪಿಗೆ ಕೊಡದಿದ್ದರೂ ಓಡದು. ಅದು ನಿಮ್ಮದೇ ವಿಡಿಯೋ ಆದರೆ ಯೂಟ್ಯೂಬ್ ಸ್ಟುಡಿಯೋದಿಂದ ಇಳಿಸಿಕೊಂಡು ಸ್ಲೈಡಿನೊಳಗೆ ಸೇರಿಸಿ. ಬೇರೆಯವರದ್ದಾದರೆ ಅವರಿಗೆ ಬರೆದು ಫೈಲು ಕೇಳಿ. ನಾನು ಕೇಳಿದಾಗೆಲ್ಲ ಹೆಚ್ಚಿನವರು ಖುಷಿಯಿಂದ ಕಳಿಸಿದ್ದಾರೆ. ಇಷ್ಟಕ್ಕೆ ಸಮಯ ಇಲ್ಲದಿದ್ದರೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಸಿದ್ಧ ಇಟ್ಟುಕೊಳ್ಳಿ. ನಿಮ್ಮ ಸೀನಿಯರುಗಳ ಹಳೇ ಪಿಪಿಟಿಗಳಲ್ಲಿ ಫ್ಲ್ಯಾಶ್ ಬಳಸಿ ಮಾಡಿದ ಅನಿಮೇಶನ್ ಇದ್ದರೆ ಅದರ ಆಸೆ ಬಿಡಿ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು.

ಪ್ರಶ್ನೆ: ಆರೋಗ್ಯ ಶಿಬಿರದಲ್ಲಿ ವಿಡಿಯೋ ಪರದೆಯ ಮೇಲೆ ಚೆನ್ನಾಗಿ ಬಂತು, ಆದರೆ ಧ್ವನಿ ಇಲ್ಲ. ಸ್ಪೀಕರ್ ವೈರು ಹಾಕಿಯೇ ಇತ್ತು. ಇನ್ನೊಂದು ಕಡೆ ಉಲ್ಟಾ ಆಯಿತು. ಲ್ಯಾಪ್‌ಟಾಪಿನಲ್ಲಿ ವಿಡಿಯೋ ಕಾಣುತ್ತದೆ, ಪರದೆಯ ಮೇಲೆ ಆ ಜಾಗ ಮಾತ್ರ ಕಪ್ಪು.
— ಆರೋಗ್ಯ ಸಹಾಯಕಿ, ರಾಯಚೂರು ಜಿಲ್ಲೆ

ಉತ್ತರ: ಎರಡೂ ಬೇರೆ ಬೇರೆ ತೊಂದರೆ. ಮೊದಲನೆಯದು ಎಚ್‌ಡಿಎಂಐ ವೈರಿನ ಕೆಲಸ. ಆ ವೈರು ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುತ್ತದೆ. ವೈರು ಚುಚ್ಚಿದ ತಕ್ಷಣ ಲ್ಯಾಪ್‌ಟಾಪ್ ತನ್ನ ಧ್ವನಿಯನ್ನು ಪ್ರೊಜೆಕ್ಟರಿಗೆ ಕಳಿಸಲು ಶುರು ಮಾಡುತ್ತದೆ. ಪ್ರೊಜೆಕ್ಟರಿನಲ್ಲಿ ಸ್ಪೀಕರ್ ಇಲ್ಲ, ಇದ್ದರೂ ಗುಂಯ್ ಅನ್ನುವಷ್ಟೇ. ಕೆಳಗೆ ಬಲಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಧ್ವನಿ ಎಲ್ಲಿಗೆ ಹೋಗಬೇಕು ಅನ್ನುವ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಸ್ಪೀಕರನ್ನು ಆರಿಸಿ. ಆಗ ನಿಮ್ಮ ಸ್ಪೀಕರ್ ವೈರಿಗೆ ಧ್ವನಿ ಬರುತ್ತದೆ. ಪವರ್‌ಪಾಯಿಂಟ್ ಮೊದಲೇ ತೆರೆದಿದ್ದರೆ ಒಮ್ಮೆ ಮುಚ್ಚಿ ತೆರೆಯಿರಿ.

ಕಪ್ಪು ಜಾಗಕ್ಕೆ ಮೊದಲು ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡುಪ್ಲಿಕೇಟ್’ ಇದ್ದರೆ ‘ಎಕ್ಸ್‌ಟೆಂಡ್’, ‘ಎಕ್ಸ್‌ಟೆಂಡ್’ ಇದ್ದರೆ ‘ಡುಪ್ಲಿಕೇಟ್’ ಮಾಡಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಆಗದಿದ್ದರೆ ಪವರ್‌ಪಾಯಿಂಟಿನ ‘ಫೈಲ್’, ‘ಆಪ್ಶನ್ಸ್’, ‘ಅಡ್ವಾನ್ಸ್ಡ್’ನಲ್ಲಿ ‘ಡಿಸ್‌ಪ್ಲೇ’ ಭಾಗಕ್ಕೆ ಹೋಗಿ. ಅಲ್ಲಿ ‘ಡಿಸೇಬಲ್ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಶನ್’ ಅಂತ ಕಂಡರೆ ಗುರುತು ಹಾಕಿ. ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಬಿಡದೆ ಪವರ್‌ಪಾಯಿಂಟೇ ಮಾಡಲು ಹೇಳಿದ ಹಾಗೆ. ಹಳೇ ಲ್ಯಾಪ್‌ಟಾಪುಗಳಲ್ಲಿ ಇದು ನನ್ನ ಕೈಹಿಡಿದ ಮದ್ದು.

ಶಿಬಿರಕ್ಕೆ ಬಂದ ಹೆಂಗಸರು ಕೂಲಿ ಬಿಟ್ಟು ಬಂದಿರುತ್ತಾರೆ ಅಂತ ನೀವು ಪತ್ರದಲ್ಲಿ ಬರೆದಿದ್ದೀರಿ. ಅದಕ್ಕೇ ಹೇಳುತ್ತಿದ್ದೇನೆ, ಅವರು ಬರುವ ಅರ್ಧ ಗಂಟೆ ಮೊದಲು ವಿಡಿಯೋವನ್ನು ಆ ಪರದೆಯ ಮೇಲೆ, ಆ ಸ್ಪೀಕರಿನಲ್ಲಿ, ಕೊನೆಯ ಸಾಲಿನಲ್ಲಿ ನಿಂತು ಒಮ್ಮೆ ಪೂರ್ತಿ ನೋಡಿ.

ಪ್ರಶ್ನೆ: ಶಾಲೆಯಲ್ಲಿ ವಿಂಡೋಸ್ ಬದಲು ಉಬುಂಟು ಇದೆ, ಪವರ್‌ಪಾಯಿಂಟ್ ಬದಲು ಬಳಸುವ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ ವಿಡಿಯೋ ಓಡುವುದೇ ಇಲ್ಲ. ಜೊತೆಗೆ ಮನೆಯಲ್ಲಿ ಟೈಪ್ ಮಾಡಿದ ಕನ್ನಡ ಅಕ್ಷರಗಳು ಅಲ್ಲಿ ವಿಚಿತ್ರ ಗುರುತುಗಳಾಗಿ ಕಾಣುತ್ತವೆ.
— ಸರ್ಕಾರಿ ಶಾಲೆ ಶಿಕ್ಷಕ, ಚಾಮರಾಜನಗರ

ಉತ್ತರ: ಉಬುಂಟು ಹಾಕುವಾಗ ವಿಡಿಯೋ ಬಿಚ್ಚುವ ಎಲ್ಲ ಪರಿಕರಗಳೂ ತಾವಾಗಿಯೇ ಬರುವುದಿಲ್ಲ. ‘ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಅನ್ನುವ ಪ್ಯಾಕೇಜ್ ಹಾಕಿಸಿ. ಲ್ಯಾಬ್ ನೋಡಿಕೊಳ್ಳುವವರಿಗೆ ಹೆಸರು ಹೇಳಿದರೆ ಸಾಕು, ಗೊತ್ತಿರುತ್ತದೆ. ಇಂಪ್ರೆಸ್‌ನಲ್ಲಿ ವಿಡಿಯೋ ಸೇರಿಸುವಾಗ ‘ಲಿಂಕ್’ ಅನ್ನುವ ಚೌಕಕ್ಕೆ ಗುರುತು ಇರದಂತೆ ನೋಡಿಕೊಳ್ಳಿ.

ಅಕ್ಷರದ್ದು ನಮ್ಮ ಕನ್ನಡದ ಹಳೇ ಸಂಕಟ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ರೂಪ. ಫಾಂಟ್ ಇಲ್ಲದ ಕಡೆ ಒಳಗಿನದು ಹೊರಗೆ ಕಾಣುತ್ತದೆ. ಪಠ್ಯವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ಬದಲಿಸಿಬಿಡಿ. ಆಮೇಲೆ ಯಾವ ಕಂಪ್ಯೂಟರಿನಲ್ಲಾದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಪ್ರಶ್ನೆ: ಇಲ್ಲಿ ಭಾನುವಾರ ಮಕ್ಕಳಿಗೆ ಜೂಮ್‌ನಲ್ಲಿ ಕನ್ನಡ ಕಲಿಸುತ್ತೇವೆ. ಪಿಪಿಟಿಯಲ್ಲಿ ಮೈಸೂರು ದಸರಾ ಜಂಬೂ ಸವಾರಿಯ ವಿಡಿಯೋ ತೋರಿಸಿದೆ. ನನಗೆ ಚೆನ್ನಾಗಿ ಓಡಿತು. ಮಕ್ಕಳಿಗೆ ಆನೆ ಬಿಟ್ಟು ಬಿಟ್ಟು ನಡೆಯಿತಂತೆ, ವಾದ್ಯ ಕೇಳಿಸಲೇ ಇಲ್ಲವಂತೆ.
— ತಾಯಿ, ಡಲ್ಲಾಸ್

ಉತ್ತರ: ಜೂಮ್‌ನಲ್ಲಿ ‘ಶೇರ್’ ಒತ್ತಿದಾಗ ಬರುವ ಪೆಟ್ಟಿಗೆಯಲ್ಲೇ ‘ಶೇರ್ ಸೌಂಡ್’ ಮತ್ತು ‘ಆಪ್ಟಿಮೈಸ್ ಫಾರ್ ವಿಡಿಯೋ ಕ್ಲಿಪ್’ ಅಂತ ಎರಡು ಆಯ್ಕೆ ಇವೆ. ಎರಡನ್ನೂ ಆನ್ ಮಾಡಿ. ಸುಮ್ನೆ ಪರದೆ ಹಂಚಿದರೆ ಜೂಮ್ ಅದನ್ನು ಅಕ್ಷರ ತುಂಬಿದ ಪುಟ ಅಂತ ಎಣಿಸಿ ಸ್ಪಷ್ಟತೆಗೆ ಗಮನ ಕೊಡುತ್ತದೆ, ಚಲನೆಗೆ ಅಲ್ಲ. ಆನೆ ಬಿಟ್ಟು ಬಿಟ್ಟು ನಡೆದದ್ದು ಅದಕ್ಕೇ. ವಿಡಿಯೋ ಮುಗಿದ ಮೇಲೆ ಎರಡನೆಯದನ್ನು ಆಫ್ ಮಾಡಿ, ಇಲ್ಲದಿದ್ದರೆ ಮುಂದಿನ ಸ್ಲೈಡಿನ ಅಕ್ಷರಗಳು ಮಸುಕಾಗುತ್ತವೆ. ನೀವು ಮ್ಯಾಕ್ ಬಳಸುತ್ತೀರಿ ಅಂತ ಬರೆದಿದ್ದೀರಿ. ಊರಿನಿಂದ ಯಾರಾದರೂ ಡಬ್ಲ್ಯೂಎಂವಿ ವಿಡಿಯೋ ಕಳಿಸಿದರೆ ಅದನ್ನು ಮೊದಲು ಎಂಪಿ4 ಮಾಡಿಕೊಳ್ಳಿ, ಮ್ಯಾಕ್‌ಗೆ ಅದು ಒಗ್ಗದು.

ಪ್ರಶ್ನೆ: ನಮ್ಮ ಅಪ್ಪ ಯಕ್ಷಗಾನ ಕಲಾವಿದರಾಗಿದ್ದರು. ಅವರ ಕೌರವನ ವೇಷದ ಒಂದು ಆಟ ವಿಸಿಡಿಯಲ್ಲಿದೆ, ಬೇರೆ ಯಾವ ವಿಡಿಯೋವೂ ನಮ್ಮ ಹತ್ತಿರ ಇಲ್ಲ. ಮುಂದಿನ ತಿಂಗಳು ಊರಿನಲ್ಲಿ ಅವರ ನೆನಪಿನ ಕಾರ್ಯಕ್ರಮ. ಫೋಟೋಗಳನ್ನೆಲ್ಲ ಸ್ಲೈಡ್ ಮಾಡಿದ್ದೇನೆ. ಡಿಸ್ಕಿನಲ್ಲಿ ಇರುವುದು ‘ಡಿಎಟಿ’ ಅಂತ ಕೊನೆಯಾಗುವ ಫೈಲು. ಪವರ್‌ಪಾಯಿಂಟ್ ಅದನ್ನು ಮುಟ್ಟುವುದೇ ಇಲ್ಲ.
— ಮಗ, ಹೊನ್ನಾವರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇರುವುದು ಒಂದೇ ಡಿಸ್ಕ್ ಅಂದಿರಿ. ಹಾಗಾದರೆ ಸ್ಲೈಡ್ ಆಮೇಲೆ. ಮೊದಲು ಆ ಡಿಸ್ಕ್ ಉಳಿಸಿಕೊಳ್ಳೋಣ.

ಡಿಸ್ಕನ್ನು ಅಂಚಿನಲ್ಲಿ ಹಿಡಿಯಿರಿ. ಧೂಳಿದ್ದರೆ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದ ಹಾಗೆ ಸುತ್ತ ತಿರುಗಿಸಿ ಒರೆಸಬೇಡಿ. ಸುತ್ತ ಬಿದ್ದ ಗೀರು ಒಂದೇ ಜಾಡಿನ ಉದ್ದಕ್ಕೂ ಹೋಗುತ್ತದೆ, ಓದಲು ಬಹಳ ಕಷ್ಟ. ಅಡ್ಡ ಬಿದ್ದ ಸಣ್ಣ ಗೀರನ್ನು ಡ್ರೈವ್ ಹೇಗೋ ದಾಟಿಕೊಳ್ಳುತ್ತದೆ.

ಡಿಸ್ಕಿನಲ್ಲಿ ‘ಎಂಪೆಗ್‌ಎವಿ’ ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗಿನ ದೊಡ್ಡ ಡಿಎಟಿ ಫೈಲೇ ನಿಮ್ಮ ಆಟ. ಅದನ್ನು ಕಂಪ್ಯೂಟರಿಗೆ ಕಾಪಿ ಮಾಡಿ. ಒಂದು ಡ್ರೈವಿನಲ್ಲಿ ನಡುವೆ ನಿಂತರೆ ಬೇರೆ ಕಂಪ್ಯೂಟರಿನ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದಿದ್ದನ್ನು ನಾನು ಕಂಡಿದ್ದೇನೆ. ಕಾಪಿ ಆದ ಕೂಡಲೇ ಆ ಫೈಲನ್ನು ಇನ್ನೂ ಎರಡು ಕಡೆ ಇಡಿ. ಒಂದು, ನೀವು ಪತ್ರದಲ್ಲಿ ಬರೆದ ನಿಮ್ಮ ತಂಗಿಯ ಮನೆಯಲ್ಲೇ ಇರಲಿ. ಡಿಎಟಿ ಮೂಲವನ್ನು ಯಾವತ್ತೂ ಅಳಿಸಬೇಡಿ.

ಈಗ ಸ್ಲೈಡಿನ ಮಾತು. ಡಿಎಟಿ ಅನ್ನುವುದೂ ಡಬ್ಬಿಯ ಹೆಸರೇ. ಒಳಗಿರುವುದು ಎಂಪೆಗ್-1 ಅನ್ನುವ ಹಳೇ ಬಗೆಯ ವಿಡಿಯೋ. ವಿಎಲ್‌ಸಿ ಅದನ್ನು ಓಡಿಸುತ್ತದೆ. ಮೇಲೆ ಹಾವೇರಿಯವರಿಗೆ ಹೇಳಿದ ಹಾಗೆ ಹ್ಯಾಂಡ್‌ಬ್ರೇಕಿಗೆ ಕೊಟ್ಟು ಎಂಪಿ4 ಮಾಡಿಕೊಳ್ಳಿ. ಅದು ಒಪ್ಪದಿದ್ದರೆ ವಿಎಲ್‌ಸಿಯಲ್ಲೇ ‘ಮೀಡಿಯಾ’, ‘ಕನ್ವರ್ಟ್/ಸೇವ್’ ದಾರಿಯಲ್ಲಿ ಎಚ್.264 ಇರುವ ಎಂಪಿ4 ಆರಿಸಿದರೆ ಆಗುತ್ತದೆ.

ವಿಸಿಡಿಯ ಚಿತ್ರ ಬಹಳ ಸಣ್ಣದು, ನಮ್ಮಲ್ಲಿ ಬಳಕೆಯಲ್ಲಿದ್ದ ‘ಪಾಲ್’ ಅನ್ನುವ ಟಿವಿ ಬಗೆಯದಾದರೆ 352 ಅಡ್ಡ 288 ಚುಕ್ಕಿ. ಅದನ್ನು ಪರದೆ ತುಂಬಾ ಎಳೆದರೆ ಅಪ್ಪನ ಮುಖವರ್ಣಿಕೆ ಬಣ್ಣದ ಮುದ್ದೆಯಾಗಿ ಕಾಣುತ್ತದೆ. ಎಳೆಯಬೇಡಿ. ಸ್ಲೈಡಿನ ಹಿನ್ನೆಲೆ ಕಪ್ಪು ಮಾಡಿ. ಚಿತ್ರವನ್ನು ನಡುವೆ, ಪರದೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದಾಗಿ ಇಡಿ. ಕತ್ತಲಲ್ಲಿ ರಂಗಸ್ಥಳ ಬೆಳಗಿದ ಹಾಗೆ ಕಾಣುತ್ತದೆ. ಧ್ವನಿಗೆ ಮಾತ್ರ ಒಳ್ಳೆಯ ಸ್ಪೀಕರ್ ತರಿಸಿ. ಚಿತ್ರ ಮಸುಕಿದ್ದರೂ ಚಂಡೆ, ಭಾಗವತರ ಪದ, ನಿಮ್ಮ ಅಪ್ಪನ ಅರ್ಥಗಾರಿಕೆ ಇವು ಮಸುಕಾಗಿರುವುದಿಲ್ಲ. ಊರಿನವರು ಕಾಯುತ್ತಿರುವುದು ಆ ದನಿಗೆ.

ಪೂರ್ತಿ ಡಿಸ್ಕ್ ಒಂದು ಗಂಟೆಗೂ ಮೇಲೆ ಇರುತ್ತದೆ. ಸ್ಲೈಡಿಗೆ ಒಡ್ಡೋಲಗದ ನಾಲ್ಕೈದು ನಿಮಿಷ ಸಾಕು. ಪವರ್‌ಪಾಯಿಂಟಿನಲ್ಲಿ ವಿಡಿಯೋ ಮೇಲೆ ಕ್ಲಿಕ್ ಮಾಡಿ ‘ಪ್ಲೇಬ್ಯಾಕ್’ನಲ್ಲಿ ‘ಟ್ರಿಮ್ ವಿಡಿಯೋ’ ಒತ್ತಿ ಹಸಿರು, ಕೆಂಪು ಗುರುತುಗಳನ್ನು ಎಳೆದು ಭಾಗ ಆರಿಸಿ. ಅಲ್ಲೇ ‘ಸ್ಟಾರ್ಟ್’ ಅನ್ನುವ ಕಡೆ ‘ಆಟೊಮ್ಯಾಟಿಕಲಿ’ ಆರಿಸಿದರೆ ಸ್ಲೈಡ್ ಬಂದ ಕೂಡಲೇ ಓಡುತ್ತದೆ. ಆ ಹೊತ್ತಿಗೆ ಮೌಸ್ ಹಿಡಿದು ಪರದಾಡುವುದು ಬೇಡ, ನಿಮ್ಮ ಕೈ ಅಮ್ಮನ ಕೈಯಲ್ಲಿರಲಿ.

ಕಾರ್ಯಕ್ರಮದ ಲ್ಯಾಪ್‌ಟಾಪಿನಲ್ಲೇ ಒಂದು ವಾರ ಮೊದಲು ಓಡಿಸಿ ನೋಡಿ. ಎಂಪಿ4 ಫೈಲನ್ನು ಬೇರೆಯಾಗಿಯೂ ಡೆಸ್ಕ್‌ಟಾಪಿನಲ್ಲಿ ಇಟ್ಟಿರಿ. ಸ್ಲೈಡಿನಲ್ಲಿ ಏನಾದರೂ ಆದರೆ ಅದನ್ನೇ ನೇರವಾಗಿ ತೆರೆದರಾಯಿತು. ಯಾವ ಡ್ರೈವೂ ಡಿಸ್ಕ್ ಓದದೇ ಹೋದರೆ ಮತ್ತೆ ಮತ್ತೆ ಹಾಕಿ ತೆಗೆದು ಮಾಡಬೇಡಿ. ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು, ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ ಕಳಿಸಿ. ನನ್ನ ಹತ್ತಿರ ಬೇರೆ ಬೇರೆ ಕಾಲದ ನಾಲ್ಕು ಹಳೇ ಡ್ರೈವುಗಳಿವೆ. ಒಂದೊಂದರಲ್ಲೂ ಹಾಕಿ ನೋಡುತ್ತೇನೆ.